ಅಕ್ಕಿಯ ಮೇಲಿನ ಅಕ್ಷರ: ವಾರಾನ್ನದಿಂದ ಹಾಸ್ಟೆಲ್ಲಿನವರೆಗೆ

ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವಾಗ ನಮ್ಮಲ್ಲಿ ತಟ್ಟೆಯ ತುಂಬ ಅಕ್ಕಿ ಹರಡುತ್ತಾರೆ. ಹಿರಿಯರೊಬ್ಬರು ಮಗುವಿನ ಬೆರಳು ಹಿಡಿದು ಆ ಅಕ್ಕಿಯ ಮೇಲೆ ಮೊದಲ ಅಕ್ಷರ ತಿದ್ದಿಸುತ್ತಾರೆ. ಇದು ಹಳೆಯ ಪದ್ಧತಿ. ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದರಾಸು ಸರ್ಕಾರಕ್ಕೆ ಬರೆದ ವರದಿಯಲ್ಲೂ ಈ ದೃಶ್ಯ ಇದೆ: ಐದು ವರ್ಷದ ಮಗು, ಗಣಪತಿಯ ಮೂರ್ತಿ, ಪಕ್ಕದಲ್ಲಿ ಮೇಷ್ಟರು, ಎದುರಿಗೆ ಅಕ್ಕಿ. ಎಂ.ಎ. ಓದುವಾಗ ಆ ವರದಿಯನ್ನು ಮೊದಲ ಸಲ ನೋಡಿದಾಗ ನನ್ನ ಗಮನವೆಲ್ಲ ಅಕ್ಷರದ ಕಡೆಗಿತ್ತು. ವಿದ್ಯಾರ್ಥಿ ನಿಲಯಗಳ ಚರಿತ್ರೆಯನ್ನು ಸಂಶೋಧನೆಗೆ ಆರಿಸಿಕೊಂಡ ಮೇಲೆ ಅದನ್ನೇ ಮತ್ತೊಮ್ಮೆ ಓದಿದೆ. ಆಗ ಕಣ್ಣಿಗೆ ಬಿದ್ದದ್ದು ಅಕ್ಕಿ. ಬಳ್ಳಾರಿ ಜೋಳದ ಸೀಮೆ. ಬಹುಪಾಲು ಮನೆಗಳಲ್ಲಿ ಅಕ್ಕಿ ಹಬ್ಬಹರಿದಿನಕ್ಕೆ ಮಾತ್ರ ಬೇಯುತ್ತಿದ್ದ ಧಾನ್ಯ. ಹಾಗಾದರೆ ತಟ್ಟೆಯ ತುಂಬ ಹರಡುವಷ್ಟು ಅಕ್ಕಿ ಇಲ್ಲದ ಮನೆಯ ಮಕ್ಕಳು?

ಶಿಕ್ಷಣದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಲೆ, ಪಠ್ಯಪುಸ್ತಕ, ಮಾಧ್ಯಮ, ಪರೀಕ್ಷೆಗಳ ಚರಿತ್ರೆಯಾಗಿ ಬರೆಯುತ್ತೇವೆ. ಕರ್ನಾಟಕದ ಮಟ್ಟಿಗಾದರೂ ಅದನ್ನು ಇನ್ನೊಂದು ತುದಿಯಿಂದ ಬರೆಯಬೇಕು ಎಂಬುದು ನನ್ನ ವಾದ. ಓದುವ ಹುಡುಗನಿಗೆ, ಓದುವ ಹುಡುಗಿಗೆ ಯಾರು ಊಟ ಹಾಕಿದರು? ರಾತ್ರಿ ಎಲ್ಲಿ ಮಲಗಿಸಿದರು? ಯಾರ ಪಕ್ಕದಲ್ಲಿ ಕೂರಿಸಿ ಬಡಿಸಿದರು? ಈ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ಸಮಾಜದಲ್ಲಿ ಶಿಕ್ಷಣದ ಪಾತ್ರವೇನು ಎಂಬ ಹಳೆಯ ಪ್ರಶ್ನೆಗೆ ಬೇರೆಯೇ ಉತ್ತರ ಸಿಗುತ್ತದೆ.

ಬಳ್ಳಾರಿಯ ಲೆಕ್ಕ

ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದಾಗ, 1822ರಲ್ಲಿ, ಪ್ರಾಂತ್ಯದಲ್ಲಿರುವ ದೇಶೀ ಶಾಲೆಗಳ ಲೆಕ್ಕ ಕೊಡಿ ಎಂದು ಎಲ್ಲ ಜಿಲ್ಲೆಗಳ ಕಲೆಕ್ಟರುಗಳನ್ನು ಕೇಳಿದ. ಬಳ್ಳಾರಿಯಿಂದ ಬಂದ ಉತ್ತರ ಬಹಳ ವಿವರವಾದದ್ದು. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುತ್ತಿದ್ದವರು 6,641 ಮಂದಿ. ಅಂದರೆ ಸಾವಿರಕ್ಕೆ ಏಳು ಮಂದಿಯೂ ಓದುತ್ತಿರಲಿಲ್ಲ. ಅವರಲ್ಲಿ ಹುಡುಗಿಯರು 60.

ಕ್ಯಾಂಬೆಲ್ ಅಂಕಿಗಳನ್ನು ಕೊಟ್ಟು ಸುಮ್ಮನಾಗಲಿಲ್ಲ. ಈ 533ರಲ್ಲಿ ಒಂದು ಶಾಲೆಗೂ ಸರ್ಕಾರದಿಂದ ಬಿಡಿಗಾಸಿನ ನೆರವಿಲ್ಲ ಎಂದು ನಾಚಿಕೆಯಿಂದಲೇ ಬರೆದ. ಶಾಲೆಗಳು ಸೊರಗಿದ್ದಕ್ಕೆ ಅವನು ಕೊಟ್ಟ ಮುಖ್ಯ ಕಾರಣ ಜನರ ಬಡತನ. ಯುರೋಪಿನಿಂದ ಬಂದ ಬಟ್ಟೆ ನೇಕಾರರ ಅನ್ನ ಕಿತ್ತುಕೊಂಡಿತ್ತು. ನಾಡಿನ ಹಣ ಹೊರಕ್ಕೆ ಹರಿಯುತ್ತಿತ್ತು. ಮೇಷ್ಟರಿಗೆ ಕೊಡುವ ಅಲ್ಪ ಸಂಭಾವನೆಯೂ ನಡುವಣ ಮತ್ತು ಕೆಳಗಿನ ವರ್ಗದ ಮನೆಗಳಿಗೆ ಹೊರೆಯಾಗಿತ್ತು. ಇನ್ನೊಂದು ಮಾತನ್ನೂ ಅವನು ಸೇರಿಸಿದ: ಮಕ್ಕಳ ಎಳೆಯ ಕೈಗಳು ಕೆಲಸಕ್ಕೆ ಬಂದ ಕೂಡಲೇ ಮನೆಗೆ ಅವು ಬೇಕಾಗುತ್ತವೆ.

ನನಗೆ ಈ ಕೊನೆಯ ಮಾತು ಮುಖ್ಯ. ಮಗುವನ್ನು ಶಾಲೆಗೆ ಕಳಿಸುವ ಬಡ ಮನೆ ಎರಡು ಸಲ ಕಳೆದುಕೊಳ್ಳುತ್ತದೆ. ಶಾಲೆಯ ಖರ್ಚು ಒಂದು, ಆ ಮಗು ದುಡಿದು ತರಬಹುದಾಗಿದ್ದ ಕಾಳುಕಡ್ಡಿ ಇನ್ನೊಂದು. ಶುಲ್ಕ ಮನ್ನಾ ಮಾಡಿದರೆ ಮೊದಲನೆಯದು ತಪ್ಪಬಹುದು, ಎರಡನೆಯದು ಉಳಿಯುತ್ತದೆ. ಇನ್ನೂರು ವರ್ಷಗಳ ನಂತರವೂ ಸುಗ್ಗಿಯ ಹೊತ್ತಿಗೆ, ಗುಳೆ ಹೋಗುವ ತಿಂಗಳುಗಳಲ್ಲಿ, ನಮ್ಮ ಶಾಲೆಗಳ ಹಾಜರಿ ಪುಸ್ತಕ ಇದನ್ನೇ ಹೇಳುತ್ತದೆ.

ಸಮಾಜಶಾಸ್ತ್ರಜ್ಞರು ಕಂಡದ್ದು

ಶಿಕ್ಷಣದ ಸಮಾಜಶಾಸ್ತ್ರ ಓದುವವರಿಗೆ ಮೊದಲು ಎದುರಾಗುವ ಹೆಸರು ಎಮಿಲ್ ಡರ್ಖೈಮ್. 1887ರಿಂದ ಬೋರ್ಡೋದಲ್ಲಿ, ಆಮೇಲೆ ಪ್ಯಾರಿಸಿನಲ್ಲಿ, ಅವರು ಶಿಕ್ಷಕರಾಗಲಿದ್ದವರಿಗೆ ಪಾಠ ಹೇಳಿದರು. ಅವರ ದೃಷ್ಟಿಯಲ್ಲಿ ಶಿಕ್ಷಣವೆಂದರೆ ಹಿರಿಯ ತಲೆಮಾರು ಎಳೆಯ ತಲೆಮಾರನ್ನು ಸಮಾಜ ಜೀವನಕ್ಕೆ ಅಣಿಗೊಳಿಸುವ ಕ್ರಿಯೆ. ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತು, ಒಂದೇ ಕಟ್ಟಳೆಗೆ ಒಳಪಟ್ಟು, ತಮ್ಮ ಮನೆಗಿಂತ ದೊಡ್ಡದಾದ ಒಂದು ಸಮಾಜಕ್ಕೆ ಸೇರಿದವರೆಂಬ ಭಾವನೆ ಪಡೆಯುತ್ತಾರೆ. ಶಾಲೆ ಸಮಾಜವನ್ನು ಬೆಸೆಯುತ್ತದೆ.

ಪಿಯರ್ ಬೂರ್ದ್ಯೂ ಇದಕ್ಕೆ ಎದುರಾದ ಮಾತು ಹೇಳಿದರು. ಪಾಸೆರಾನ್ ಜೊತೆ 1964 ಮತ್ತು 1970ರಲ್ಲಿ ಹೊರತಂದ ಎರಡು ಪುಸ್ತಕಗಳಲ್ಲಿ ಅವರು ತೋರಿಸಿದ್ದು ಇದನ್ನು: ಓದಿದವರ ಮನೆಯ ಮಗು ಭಾಷೆ, ನಡೆನುಡಿ, ಪುಸ್ತಕದ ಪರಿಚಯ ಎಲ್ಲವನ್ನೂ ಮನೆಯಿಂದಲೇ ಕಟ್ಟಿಕೊಂಡು ಬರುತ್ತದೆ. ಶಾಲೆ ಅದನ್ನು ಮಗುವಿನ ಸ್ವಂತ ಪ್ರತಿಭೆ ಎಂದು ಎಣಿಸಿ ಅಂಕ ಕೊಡುತ್ತದೆ. ಅದಿಲ್ಲದ ಮಗು ತಾನೇ ದಡ್ಡ ಎಂದುಕೊಂಡು ಹೊರಗೆ ಹೋಗುತ್ತದೆ. ಹೀಗೆ ಶಾಲೆ ಹಳೆಯ ಅಸಮಾನತೆಗೆ ಹೊಸ ಸಹಿ ಹಾಕಿಕೊಡುತ್ತದೆ. ಅದಕ್ಕೂ ಮೊದಲೇ ಮ್ಯಾಕ್ಸ್ ವೇಬರ್, ಹಿಂದೆ ವಂಶಾವಳಿ ಮಾಡುತ್ತಿದ್ದ ಕೆಲಸವನ್ನು ಈಗ ಪದವಿ ಪತ್ರ ಮಾಡುತ್ತಿದೆ ಎಂದು ಗುರುತಿಸಿದ್ದರು.

ಬೆಸೆಯುವ ಶಾಲೆ, ಬೇರ್ಪಡಿಸುವ ಶಾಲೆ. ನಮ್ಮ ವಿಶ್ವವಿದ್ಯಾಲಯಗಳ ಪ್ರಶ್ನೆಪತ್ರಿಕೆಗಳಲ್ಲಿ ಇವೆರಡನ್ನು ಹೋಲಿಸಿ ಬರೆಯಿರಿ ಎಂಬ ಹತ್ತು ಅಂಕದ ಪ್ರಶ್ನೆ ಬಂದೇ ಬರುತ್ತದೆ. ನಾನೂ ಬರೆದಿದ್ದೇನೆ. ಆದರೆ ಈ ಎರಡೂ ಚಿಂತನೆಗಳಿಗೆ ತರಗತಿಯ ಒಳಗೆ ಬಂದು ಕೂತ ಮಗು ಬೇಕು. ನಮ್ಮ ಚರಿತ್ರೆಯಲ್ಲಿ ಬಹುಜನರ ಮಕ್ಕಳು ಆ ಹೊಸ್ತಿಲಿನವರೆಗೂ ಬಂದಿರಲಿಲ್ಲ. ಬಂದವರಿಗೆ ಏನಾಯಿತು ಎಂಬುದಕ್ಕೆ ಧಾರವಾಡದ ಒಂದು ಅರ್ಜಿ ಸಾಕ್ಷಿ.

ಧಾರವಾಡ, 1856

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ್ ಜಾತಿಯ ಒಬ್ಬ ಹುಡುಗನನ್ನು ಸೇರಿಸಿಕೊಳ್ಳಲು ನಿರಾಕರಿಸಲಾಯಿತು. ಆಗ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಅರ್ಜಿ ಬೊಂಬಾಯಿ ಸರ್ಕಾರದ ಮುಂದೆ ಹೋಯಿತು. ನಾನು ಓದಿದ ವರದಿಗಳಲ್ಲಿ ಆ ಹುಡುಗನಿಗೆ ಹೆಸರಿಲ್ಲ. ಜಾತಿ ಮಾತ್ರ ಇದೆ.

ಜುಲೈ ತಿಂಗಳಲ್ಲಿ ಸರ್ಕಾರದ ತೀರ್ಮಾನ ಬಂತು. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಒಬ್ಬನಿಗಾಗಿ ಬೇರೆ ಮಕ್ಕಳ ಮೇಲೆ ಒತ್ತಾಯ ಹೇರಿದರೆ ಅವರೆಲ್ಲ ಬಿಟ್ಟು ಹೋಗಿ ಶಾಲೆಯೇ ಯಾರಿಗೂ ಉಪಯೋಗವಿಲ್ಲದಂತಾಗಬಹುದು ಎಂದಿತು. ಬಾಗಿಲು ತೆರೆಯಲಿಲ್ಲ. ಎರಡು ವರ್ಷಗಳ ಹಿಂದೆಯಷ್ಟೇ, 1854ರಲ್ಲಿ, ಜನಸಾಮಾನ್ಯರ ಶಿಕ್ಷಣವೂ ಸರ್ಕಾರದ ಹೊಣೆ ಎಂದು ಸಾರಿದ ಚಾರ್ಲ್ಸ್ ವುಡ್‌ನ ಶಿಕ್ಷಣ ಆದೇಶ ಹೊರಬಿದ್ದಿತ್ತು. ಈ ಪ್ರಕರಣ ಲಂಡನ್ನಿನವರೆಗೂ ಹೋಗಿ, 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಈ ತತ್ವವನ್ನು ಬಿಟ್ಟುಕೊಡುವಂತಿಲ್ಲ ಎಂದು ಬರೆದರು.

ತತ್ವ ಕಾಗದದ ಮೇಲೆ ಉಳಿಯಿತು. 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ಹೇಳಿಕೆ ಕೊಟ್ಟಾಗ, ರೈತರು ದುಡಿದು ಕಟ್ಟಿದ ಕಂದಾಯ ಮೇಲುವರ್ಗದವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ ಎಂದು ನೇರವಾಗಿ ದೂರಿದರು. ಆಯೋಗವೂ 1858ರ ತತ್ವವನ್ನು ಎತ್ತಿಹಿಡಿಯಿತು, ಜೊತೆಗೆ ಅದನ್ನು ಎಚ್ಚರಿಕೆಯಿಂದ ಜಾರಿಗೆ ತರಬೇಕು ಎಂದಿತು. ಆ ಎಚ್ಚರಿಕೆಯ ಪರಿಣಾಮವನ್ನು ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ನೋಡಬಹುದು. ಧಾರವಾಡದ ಹುಡುಗನ ಕಥೆಯನ್ನು ಅವರು ಅಲ್ಲಿ ಮತ್ತೆ ಎತ್ತಿಕೊಂಡರು. 1881-82ರಲ್ಲಿ ಇಡೀ ಬೊಂಬಾಯಿ ಪ್ರಾಂತ್ಯದ ಕಾಲೇಜುಗಳಲ್ಲಿ ಈ ಜಾತಿಗಳಿಂದ ಬಂದ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ ಎಂಬುದನ್ನು ಅಂಕಿ ಸಮೇತ ತೋರಿಸಿದರು.

ಧಾರವಾಡದ ಹುಡುಗನನ್ನು ತಡೆದದ್ದು ಬಡತನವಲ್ಲ, ಪಂಕ್ತಿ. ಯಾರ ಪಕ್ಕ ಯಾರು ಕೂರಬೇಕು ಎಂಬ ನಿಯಮ ಊಟದ ಮನೆಯಿಂದ ತರಗತಿಗೆ ಬಂದಿತ್ತು. ಡರ್ಖೈಮ್ ಹೇಳಿದಂತೆ ಶಾಲೆ ಸಮಾಜದ ಕಟ್ಟಳೆಯನ್ನೇ ಕಲಿಸಿತು; ಆದರೆ ಆ ಕಟ್ಟಳೆ ಬೆಸೆಯುವುದಾಗಿರಲಿಲ್ಲ.

ವಾರಾನ್ನದ ಮನೆಗಳು

ಅದೇ ಕಾಲದಲ್ಲಿ ಬಾಗಿಲೊಳಗೆ ಹೋದವರು ಹೇಗೆ ಓದಿದರು? ಹೊಸ ಶಾಲೆ, ಕಾಲೇಜುಗಳು ಇದ್ದದ್ದು ಪಟ್ಟಣಗಳಲ್ಲಿ. ಹಳ್ಳಿಯಿಂದ ಬಂದ ಹುಡುಗನಿಗೆ ಅಲ್ಲಿ ಮನೆಯಿಲ್ಲ, ಹೋಟೆಲಿಗೆ ದುಡ್ಡಿಲ್ಲ. ಆಗ ಕೈಹಿಡಿದದ್ದು ವಾರಾನ್ನ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಏಳು ಮನೆ ಗೊತ್ತುಮಾಡಿಕೊಂಡರೆ ವಾರ ತುಂಬಿತು. ಐದೇ ಸಿಕ್ಕರೆ ಎರಡು ದಿನ ಉಪವಾಸವೋ ಅವಲಕ್ಕಿಯೋ. ಉತ್ತರ ಕರ್ನಾಟಕದ ಕಡೆ ಮಧುಕರಿ ಎಂಬ ಪದ್ಧತಿಯೂ ಇತ್ತು. ಹುಡುಗರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಯಿಸಿದ ಅನ್ನ ಬೇಡಿ ತಂದು ಉಣ್ಣುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತರ ಆರಂಭದ ಕನ್ನಡ ಆತ್ಮಕಥೆಗಳಲ್ಲಿ ವಾರಾನ್ನದ ಪುಟಗಳು ಸಿಗುತ್ತವೆ. ಉಣ್ಣುವವರ ಅವಮಾನ, ಬಡಿಸುವ ತಾಯಂದಿರ ಕರುಣೆ ಎರಡೂ ನಿಜ. ಬಡ ಬ್ರಾಹ್ಮಣ ಹುಡುಗರು ಪಟ್ಟ ಕಷ್ಟವನ್ನು ಹಗುರವಾಗಿ ನೋಡುವುದು ಅನ್ಯಾಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡವರು.

ಆದರೂ ವಾರಾನ್ನ ಏನೆಂಬುದನ್ನು ಸರಿಯಾಗಿ ಹೆಸರಿಸಬೇಕು. ಅದು ಒಂದು ಜಾತಿಯ ಒಳಗಿನ ವಿದ್ಯಾರ್ಥಿವೇತನ. ಪಟ್ಟಣದಲ್ಲಿ ನಿಮ್ಮ ಜಾತಿಯ ಅನುಕೂಲಸ್ಥರ ಮನೆಗಳಿರಬೇಕು, ಆ ಮನೆಯ ಪಂಕ್ತಿಯಲ್ಲಿ ನೀವು ಕೂರುವಂತಿರಬೇಕು. ಬೂರ್ದ್ಯೂ ಪುಸ್ತಕ, ಭಾಷೆಗಳಲ್ಲಿ ಕಂಡ ಬಂಡವಾಳ ನಮ್ಮಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ, ಅಡುಗೆಮನೆಯಲ್ಲಿ ಇತ್ತು. ಒಕ್ಕಲಿಗರ ಹುಡುಗ ಪಟ್ಟಣಕ್ಕೆ ಬಂದರೆ ವಾರಾನ್ನಕ್ಕೆ ಏಳು ಮನೆ ಎಲ್ಲಿ ಹುಡುಕಬೇಕು? ಕೇರಿಯ ಹುಡುಗ ಯಾರ ಮನೆಯ ಜಗಲಿ ಹತ್ತಬೇಕು?

ಈ ಹಿನ್ನೆಲೆಯಲ್ಲಿ 1918ರ ಮೈಸೂರಿನ ಚರ್ಚೆಯನ್ನು ನೋಡಬೇಕು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂಬ ದೂರು ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳ ಒಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು, ಅವರ ಓದಿಗೆ ನೆರವು ಬೇಕು ಎಂಬ ದಿಕ್ಕಿನಲ್ಲಿ ಸಮಿತಿ ವರದಿ ಕೊಟ್ಟಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಲಿಲ್ಲ. ಅರ್ಹತೆಗೆ ಧಕ್ಕೆ ಬರುತ್ತದೆ ಎಂಬುದು ಅವರ ನಿಲುವು. ಅವರು ಹುದ್ದೆ ಬಿಟ್ಟರು.

ಕಷ್ಟಪಟ್ಟು ಓದಿ ಮೇಲೆ ಬಂದವರಿಗೆ ಅರ್ಹತೆಯಲ್ಲಿ ನಂಬಿಕೆ ಇರುವುದು ಸಹಜ. ಅವರ ಕಷ್ಟ ಸುಳ್ಳಲ್ಲ. ಆದರೆ ಕಷ್ಟಪಡುವುದಕ್ಕೂ ಒಂದು ಅವಕಾಶ ಬೇಕು. ಮನೆಪಾಠ ಹೇಳಲು ಒಂದು ಮನೆಯೊಳಗೆ ಪ್ರವೇಶವಿರಬೇಕು. ವಾರಾನ್ನ ಉಣ್ಣಲು ಒಂದು ಪಂಕ್ತಿಯಲ್ಲಿ ಜಾಗವಿರಬೇಕು. ಅಂಕಪಟ್ಟಿ ಇದನ್ನು ಬರೆದುಕೊಳ್ಳುವುದಿಲ್ಲ.

ಹಾಸ್ಟೆಲಿನ ಎರಡು ಮುಖ

ವಾರಾನ್ನ ಇಲ್ಲದವರು ಕಂಡುಕೊಂಡ ದಾರಿ ಹಾಸ್ಟೆಲು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳನ್ನು ನೋಡಿದರೆ ಅಚ್ಚರಿಯಾಗುತ್ತದೆ. 1903ರಲ್ಲಿ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. ಅದು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಆಸರೆಯಾಯಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸೊಸೈಟಿ ಆರಂಭವಾಯಿತು. 1917ರಲ್ಲಿ ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ವಿದ್ಯಾರ್ಥಿ ನಿಲಯ ತೆರೆದರು. ಅಲ್ಲಿ ಕೆಲಕಾಲ ವಿದ್ಯಾರ್ಥಿಯಾಗಿದ್ದ ಹುಡುಗನೇ ಮುಂದೆ, 1941ರಲ್ಲಿ, ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ. 2019ರಲ್ಲಿ ಅವರು ತೀರಿಕೊಳ್ಳುವವರೆಗೂ ಅಲ್ಲಿನ ಒಲೆ ಆರಲಿಲ್ಲ, ಈಗಲೂ ಆರಿಲ್ಲ. ಎಲ್ಲ ಜಾತಿಯ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದಿದ್ದಾರೆ. ದಾಸೋಹ ಎಂಬ ಹಳೆಯ ಶಬ್ದಕ್ಕೆ ಶಿಕ್ಷಣದ ಚರಿತ್ರೆಯಲ್ಲಿ ಹೊಸ ಅರ್ಥ ಬಂದದ್ದು ಇಂಥ ಕಡೆ.

ಇದು ಹಾಸ್ಟೆಲಿನ ಒಂದು ಮುಖ. ಇನ್ನೊಂದನ್ನು ಕಂಡವರು ಮೈಸೂರಿನಲ್ಲೇ ಹುಟ್ಟಿ ಬೆಳೆದ ಎಂ.ಎನ್. ಶ್ರೀನಿವಾಸ್. ಆಧುನಿಕ ಶಿಕ್ಷಣ ಬಂದರೆ ಜಾತಿ ಕರಗುತ್ತದೆ ಎಂದು ಹಲವರು ನಂಬಿದ್ದ 1957ರಲ್ಲಿ, ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮಾನವಶಾಸ್ತ್ರ ವಿಭಾಗದ ಅಧ್ಯಕ್ಷ ಭಾಷಣದಲ್ಲಿ, ಅವರು ಬೇರೆಯದನ್ನೇ ಹೇಳಿದರು. ಜಾತಿಗೊಂದು ಹಾಸ್ಟೆಲು, ಬ್ಯಾಂಕು, ಕಲ್ಯಾಣ ಮಂಟಪ, ಪತ್ರಿಕೆ ಹುಟ್ಟಿಕೊಂಡಿರುವುದು ಜಾತಿಪ್ರಜ್ಞೆ ಬಲಿತಿರುವುದರ ಗುರುತು ಎಂದರು. ಹಳ್ಳಿಯಲ್ಲಿ ಚದುರಿ ಹೋಗಿದ್ದ ಒಳಪಂಗಡಗಳು ಪಟ್ಟಣದ ವಿದ್ಯಾರ್ಥಿ ನಿಲಯದಲ್ಲಿ ಒಂದಾಗಿ ದೊಡ್ಡ ಜಾತಿಯಾದವು. ಒಂದೇ ಪಂಕ್ತಿಯಲ್ಲಿ ಉಂಡವರು ಮುಂದೆ ಒಂದೇ ಪಕ್ಷದಲ್ಲಿ, ಒಂದೇ ಕಚೇರಿಯಲ್ಲಿ ಒಬ್ಬರಿಗೊಬ್ಬರು ಆದರು.

ಹಾಗಾದರೆ ಹಾಸ್ಟೆಲು ಬೆಸೆಯಿತೋ, ಬೇರ್ಪಡಿಸಿತೋ? ಎರಡೂ ನಿಜ ಎಂದು ನನಗನಿಸುತ್ತದೆ. ಒಂದು ಜಾತಿಯ ಮಕ್ಕಳನ್ನು ಅದು ಓದಿನೊಳಗೆ ತಂದಿತು, ಅದೇ ಕೈಯಿಂದ ಆ ಜಾತಿಯ ಗೋಡೆಗೆ ಸುಣ್ಣ ಬಳಿಯಿತು. ಸ್ವಂತ ಛತ್ರ ಕಟ್ಟಿಸುವಷ್ಟು ಜಮೀನುದಾರರು, ವ್ಯಾಪಾರಿಗಳು ಇದ್ದ ಜಾತಿಗಳು ಮುಂದೆ ಬಂದವು. ಅವರಿಲ್ಲದ ಜಾತಿಗಳು ಹಾಗೇ ಉಳಿದವು. ಹುಡುಗಿಯರ ಹಾಸ್ಟೆಲುಗಳಂತೂ ತಡವಾಗಿ ಬಂದವು, ಬಂದರೂ ಸಂಜೆಯ ಬೀಗದ ಜೊತೆಗೇ ಬಂದವು. ಬಳ್ಳಾರಿಯ ಆ 60 ಹುಡುಗಿಯರ ನೆನಪು ನನಗೆ ಇಲ್ಲಿ ಬರುತ್ತದೆ.

ಮತ್ತೆ ಧಾರವಾಡ

ಸ್ವಂತ ಛತ್ರ ಕಟ್ಟಲಾಗದವರ ಹಾಸ್ಟೆಲು ಹೇಗಿರಬೇಕು ಎಂಬುದು ಅಂಬೇಡ್ಕರ್ ಅವರಿಗೆ ಗೊತ್ತಿತ್ತು. 1924ರಲ್ಲಿ ಅವರು ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಮೊದಲ ಕೆಲಸಗಳಲ್ಲಿ ಒಂದು ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿ ನಿಲಯ. 1928ರಲ್ಲಿ ಶೋಷಿತ ವರ್ಗಗಳ ಶಿಕ್ಷಣಕ್ಕೆಂದೇ ಇನ್ನೊಂದು ಸಂಸ್ಥೆ ಕಟ್ಟಿದರು. ಸರ್ಕಾರದ ನೆರವಿನೊಂದಿಗೆ ಅದು ನಡೆಸಿದ ಹಾಸ್ಟೆಲುಗಳಲ್ಲಿ ಒಂದು ಇದ್ದದ್ದು ಧಾರವಾಡದಲ್ಲಿ.

1856ರಲ್ಲಿ ಒಬ್ಬ ಹುಡುಗನಿಗೆ ಬಾಗಿಲು ಮುಚ್ಚಿದ ಊರು. ಎಪ್ಪತ್ತು ವರ್ಷಗಳ ನಂತರ ಅದೇ ಊರಿನಲ್ಲಿ ಅಂಥ ಹುಡುಗರಿಗಾಗಿ ಒಲೆ ಹೊತ್ತಿತು. ಶಿಕ್ಷಣದ ಹಕ್ಕನ್ನು ಅಂಬೇಡ್ಕರ್ ಶಾಲೆಯ ಪ್ರವೇಶಕ್ಕೆ ಸೀಮಿತಗೊಳಿಸಲಿಲ್ಲ. ಪ್ರವೇಶ ಸಿಕ್ಕ ಮೇಲೂ ರಾತ್ರಿ ಮಲಗಲು ಜಾಗವಿಲ್ಲದ ಹುಡುಗ ಓದು ಬಿಡುತ್ತಾನೆ ಎಂಬುದನ್ನು ಅವರು ಕಂಡಿದ್ದರು. ಅದಕ್ಕೂ ಮೊದಲೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, ತಮ್ಮ ಜಾತಿಯವರ ಬಹಿಷ್ಕಾರವನ್ನೂ ನುಂಗಿಕೊಂಡು ನಡೆಸಿದ್ದರು.

ಇಂಥ ಹಾಸ್ಟೆಲುಗಳಿಂದ ಬಂದದ್ದು ಗುಮಾಸ್ತರು, ಮೇಷ್ಟರುಗಳಷ್ಟೇ ಅಲ್ಲ. ಸಿದ್ಧಲಿಂಗಯ್ಯನವರ ಆತ್ಮಕಥನ 'ಊರುಕೇರಿ' ಓದಿದವರಿಗೆ ಬೆಂಗಳೂರಿನ ಹಾಸ್ಟೆಲಿನ ದಿನಗಳು ನೆನಪಿರುತ್ತವೆ. ಹಸಿವು, ಹುಡುಗಾಟ, ಓದು, ಭಾಷಣ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುತ್ತವೆ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಅರ್ಥದ ಮಾತಾಡಿದಾಗ ರಾಜ್ಯದ ಕಾಲೇಜುಗಳಲ್ಲಿ ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ದಿನಗಳಲ್ಲಿ ದಲಿತ ವಿದ್ಯಾರ್ಥಿಗಳು ಒಟ್ಟಾಗಿ ಕೂತು ಯೋಚಿಸಲು ಇದ್ದ ಜಾಗ ಹಾಸ್ಟೆಲು. ಆ ಬೇಗೆಯಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು, ಕನ್ನಡ ಕಾವ್ಯದ ದನಿಯೇ ಬದಲಾಯಿತು. 1975ರಲ್ಲಿ ಎಲ್.ಜಿ. ಹಾವನೂರು ಆಯೋಗದ ವರದಿ ಬಂದು ಹಿಂದುಳಿದ ವರ್ಗಗಳ ಮಕ್ಕಳಿಗೂ ದಾರಿ ಅಗಲವಾಯಿತು.

ಬೂರ್ದ್ಯೂ ಅವರ ಸಿದ್ಧಾಂತಕ್ಕೆ ಇಲ್ಲಿ ಒಂದು ತಿದ್ದುಪಡಿ ಬೇಕಾಗುತ್ತದೆ. ತರಗತಿ ಹಳೆಯ ಅಸಮಾನತೆಯನ್ನೇ ಮತ್ತೆ ಹೆರುತ್ತಿದ್ದಾಗ, ಅದರ ಪಕ್ಕದ ಹಾಸ್ಟೆಲು ಅದನ್ನು ಪ್ರಶ್ನಿಸುವವರನ್ನು ಬೆಳೆಸುತ್ತಿತ್ತು. ವಿಚಿತ್ರವೆಂದರೆ ಬೂರ್ದ್ಯೂ ಸ್ವತಃ ಹಾಸ್ಟೆಲಿನ ಹುಡುಗ. ಹಳ್ಳಿಯ ಅಂಚೆ ನೌಕರನ ಮಗನಾಗಿ, ಪೋ ಎಂಬ ಪಟ್ಟಣದ ಶಾಲೆಯಲ್ಲಿ ಉಳಿದು ಓದಿದವರು. ಆ ದಿನಗಳ ಕಹಿಯನ್ನು ಕೊನೆಗಾಲದಲ್ಲಿ ಬರೆದುಕೊಂಡರು.

ಒಂದೇ ಪಂಕ್ತಿ

2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾದ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಕ್ಯಾಂಬೆಲ್ ಎತ್ತಿದ ಸಮಸ್ಯೆಗೆ ಸರ್ಕಾರ ಅಂತೂ ಅಡುಗೆಮನೆಯಿಂದ ಉತ್ತರ ಕೊಟ್ಟಿತು. ಮನೆಯಲ್ಲಿ ಒಂದು ಹೊತ್ತಿನ ಕೂಳು ಉಳಿಯುತ್ತದೆ ಎಂಬ ಕಾರಣಕ್ಕೇ ಎಷ್ಟೋ ಹುಡುಗಿಯರು ಶಾಲೆಗೆ ಬಂದರು.

ಆದರೆ ಧಾರವಾಡದ ಆ ಹಳೆಯ ಪ್ರಶ್ನೆ ಇಲ್ಲೂ ಎದ್ದಿತು. ದಲಿತ ಮಹಿಳೆ ಅಡುಗೆ ಮಾಡಿದರೆಂದು ಮಕ್ಕಳನ್ನು ಊಟಕ್ಕೆ ಕಳಿಸದ ಸುದ್ದಿಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಕೆಲವು ಕಡೆ ಅಡುಗೆಯವರನ್ನೇ ಬದಲಿಸಿ ಗಲಾಟೆ ಮುಗಿಸುತ್ತಾರೆ. ನ್ಯಾಯ ಅವಳ ಕಡೆಗಿದೆ, ಆದರೆ ಬೇರೆಯವರು ಬಿಟ್ಟು ಹೋದರೆ ಏನು ಮಾಡುವುದು ಎಂಬ 1856ರ ತರ್ಕವೇ ಮತ್ತೆ ಬಂದಂತೆ. ಇನ್ನೊಂದು ಬಗೆಯ ಶಾಲೆಯಲ್ಲೂ ಇಂಥದ್ದೇ ನಡೆದಿದೆ, ಸದ್ದಿಲ್ಲದೆ. ಅನುಕೂಲವಿದ್ದವರು ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿ, ಡಬ್ಬಿ ಕಟ್ಟಿಕೊಟ್ಟು, ಆ ಪಂಕ್ತಿಯಿಂದಲೇ ಎದ್ದು ಹೋಗಿದ್ದಾರೆ. ಒಟ್ಟಿಗೆ ಕೂತು ಉಣ್ಣಲು ಎಲ್ಲ ಬಗೆಯ ಮಕ್ಕಳೂ ಇರಬೇಕಲ್ಲ.

ಈ ಲೇಖನ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಒಬ್ಬ ಸಹಪಾಠಿ. ಪದವಿಯ ಮೊದಲ ವರ್ಷ ನಮ್ಮ ಕಾಲೇಜು ಜೂನ್ ಕೊನೆಗೆ ಶುರುವಾಯಿತು. ಹಾಸ್ಟೆಲಿನ ಆಯ್ಕೆ ಪಟ್ಟಿ ಬಂದದ್ದು ಸೆಪ್ಟೆಂಬರಿನಲ್ಲಿ. ಆ ಎರಡೂವರೆ ತಿಂಗಳು ನಾನು ಸೋದರಮಾವನ ಮನೆಯಲ್ಲಿ ಉಂಡೆ. ಅವನಿಗೆ ಆ ಊರಿನಲ್ಲಿ ಮಾವನಿರಲಿಲ್ಲ. ದಿನಾ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೊರಟು, ಮಧ್ಯಾಹ್ನ ಬಾಳೆಹಣ್ಣು ತಿಂದು, ರಾತ್ರಿ ಎಂಟಕ್ಕೆ ಊರು ಸೇರುತ್ತಿದ್ದ. ಆಗಸ್ಟಿನಲ್ಲಿ ಬರುವುದು ನಿಲ್ಲಿಸಿದ. ಪಟ್ಟಿ ಬಂದಾಗ ಅದರಲ್ಲಿ ಅವನ ಹೆಸರಿತ್ತು. ಲೆಕ್ಚರರ್ ಹಾಜರಿ ಕರೆಯುವಾಗ ಇನ್ನೂ ಒಂದು ತಿಂಗಳು ಅವನ ಹೆಸರು ಕರೆದರು, ಆಮೇಲೆ ಕೆಂಪು ಗೀಟು ಎಳೆದರು. ಕಾಲೇಜಿನ ದಾಖಲೆಯಲ್ಲಿ ಅವನು ಗೈರುಹಾಜರಾದ ವಿದ್ಯಾರ್ಥಿ. ನನಗೆ ಸಿಕ್ಕ ಮಾವನ ಮನೆಯ ವಿಷಯ ಯಾವ ದಾಖಲೆಯಲ್ಲೂ ಇಲ್ಲ. ಇವತ್ತು ನನ್ನ ಹೆಸರಿನ ಮುಂದೆ ಸಂಶೋಧಕ ಎಂದು ಬರೆಯುವಾಗ ಅದನ್ನು ಮರೆತರೆ, ವಾರಾನ್ನ ಉಂಡು ಬೆಳೆದು ಅರ್ಹತೆಯ ಮಾತಾಡಿದವರಿಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ.

ಶಿಕ್ಷಣ ಸಮಾಜವನ್ನು ಬದಲಿಸುತ್ತದೆಯೇ ಎಂದು ನಾವು ಮತ್ತೆ ಮತ್ತೆ ಕೇಳುತ್ತೇವೆ. ಬಳ್ಳಾರಿ, ಧಾರವಾಡ, ಮೈಸೂರು, ಸಿದ್ಧಗಂಗೆಗಳ ಚರಿತ್ರೆ ಹೇಳುವಂತೆ ಶಾಲೆ ತಾನಾಗಿಯೇ ಬದಲಿಸಿದ್ದು ಕಡಿಮೆ. ಶಾಲೆಯ ಪಕ್ಕದಲ್ಲಿ ಯಾರಾದರೂ ಒಲೆ ಹಚ್ಚಿದಾಗ, ಆ ಒಲೆಯ ಸುತ್ತ ಯಾರು ಬೇಕಾದರೂ ಕೂರಬಹುದಾದಾಗ ಬದಲಾವಣೆ ಆಗಿದೆ. ಹಾಗಾಗಿ ನನ್ನ ಬೇಡಿಕೆ ಸಣ್ಣದು, ಅದಕ್ಕೆ ಸಿದ್ಧಾಂತ ಬೇಡ. ಹಾಸ್ಟೆಲಿನ ಆಯ್ಕೆ ಪಟ್ಟಿ ಕಾಲೇಜಿನ ಬಾಗಿಲು ತೆರೆಯುವ ದಿನವೇ ಗೋಡೆಯ ಮೇಲಿರಲಿ.